ಕೂಗೋನ ಗಂಟಲಿಗೆ ರೇಟು

ಜನವರಿ 6, ಸೋಮವಾರ

ಬೈಯಕ್ಕೆ ಬಾಯಿಲ್ಲ, ಅದಕ್ಕೆ ಬರೀತಾ ಇದೀನಿ.

ಗೊಬ್ಬರದ ಕಂಪನಿಯವರು ಹೊಸ ವರ್ಷಕ್ಕೆ ಮಂಡಿಗೆ ಕೊಟ್ಟ ಡೈರಿ ಇದು. ಮಂಡಿ ಸಾಹುಕಾರ ಸರ್ದಾರ್ ನಿನ್ನೆ ಮನೆಗೆ ಬಂದು ಕೈಗಿಟ್ಟ. "ಮನೇವ್ರಿಗೆ ಏನಾರಾ ಏಳ್ಬೇಕಾದ್ರೆ ಇದ್ರಲ್ ಬರ್ದು ತೋರ್ಸು ಶಿವಮಲ್ಲಣ್ಣ" ಅಂದ. ಮನೆಯವರಿಗೆ ತೋರಿಸಕ್ಕೆ ಒಂದು ಹಾಳು ನೋಟ್‌ಬುಕ್ ಸಾಕು. ಇದು ನನಗೆ.

ಮೊದಲು ಯಾರನ್ನ ಬೈಲಿ? ಆ ಕತ್ತು ಕೊಯ್ದವನನ್ನ. ಹೆಸರು ಬರೆದರೆ ಡೈರಿ ಮೈಲಿಗೆ. ಅಕ್ಟೋಬರಲ್ಲಿ ಚಾಮರಾಜನಗರದ ಅವನ ನರ್ಸಿಂಗ್ ಹೋಮಲ್ಲಿ ಮಲಗಿಸಿದ. ಥೈರಾಯ್ಡಲ್ಲಿ ಗಂಟು, ಅಡಿಕೆ ಗಾತ್ರ, ತೆಗೆದರೆ ಮೂರು ದಿನಕ್ಕೆ ಮನೆ ಅಂದ. ಗಂಟು ತೆಗೆದ, ಜೊತೆಗೆ ಸ್ವರಾನೂ ತೆಗೆದ. ಎಚ್ಚರ ಆಗಿ ನೀರು ಕೇಳಿದೆ, ಬಂದಿದ್ದು ಬರೀ ಗಾಳಿ. "ಊತ ಇಳಿಯಲಿ, ಒಂದು ತಿಂಗಳಲ್ಲಿ ಬರುತ್ತೆ" ಅಂದ ಬೇವರ್ಸಿ. ತಿಂಗಳಾದ ಮೇಲೆ ಮೈಸೂರಿನ ಇನ್ನೊಬ್ಬ ಡಾಕ್ಟರು ಮೂಗಿಂದ ಕೊಳವೆ ಬಿಟ್ಟು ನೋಡಿದರು. ಸ್ವರದ ನರ ಕತ್ತರಿಸಿ ಹೋಗಿದೆ, ಇನ್ನು ಬರಲ್ಲ ಅಂದರು.

ನಾನು ತೆರಕಣಾಂಬಿ ತರಕಾರಿ ಮಾರ್ಕೆಟ್ಟಲ್ಲಿ ಹರಾಜು ಕೂಗೋನು. ಕೂಗೋನಾಗಿದ್ದೆ. ಸರ್ದಾರನ ಮಂಡಿ ಮುಂದೆ ನಿಂತು ನಾನು "ಟೊಮೇಟೋ" ಅಂದರೆ ಬಸ್ ಸ್ಟ್ಯಾಂಡಲ್ಲಿ ಟೀ ಕುಡೀತಿದ್ದ ಕೇರಳದ ಸೇಟು ಲೋಟ ಕುಕ್ಕಿ ಓಡಿ ಬರೋನು. ಕನ್ನಡದಲ್ಲಿ ಒಂದು ಸಲ, ತಮಿಳಲ್ಲಿ ಒಂದು ಸಲ, ಮಲಯಾಳದಲ್ಲಿ ಒಂದು ಸಲ. ಮೈಕು ಗೀಕು ಇಲ್ಲ. ಈಗ ಗೋಡೆ ಮೇಲಿನ ಹಲ್ಲಿ ಲೊಚಗುಟ್ಟಿದರೂ ನನಗಿಂತ ಜೋರು.

ಕೈ ನೋವು ಬಂತು. ಬೈಗುಳ ಇನ್ನೂ ಬಾಕಿ ಅವೆ.

ಜನವರಿ 9, ಗುರುವಾರ

ಇವತ್ತು ಸಂತೆ. ಹೋಗಬಾರದಿತ್ತು, ಹೋದೆ. ನನ್ನ ಜಾಗದಲ್ಲಿ ಮಂಡಿ ಹುಡುಗ ಆ ಮಲ್ಲೇಶ ನಿಂತವನೆ, ಕೈಯಲ್ಲಿ ಮೈಕು! ಬೀನ್ಸ್ ಕೂಗ್ತಾನೋ ಸಾವಿನ ಸುದ್ದಿ ಹೇಳ್ತಾನೋ ಗೊತ್ತಾಗಲ್ಲ. ರೇಟು ಏರಿಸಬೇಕಾದ ಕಡೆ ಉಸಿರು ಬಿಡ್ತಾನೆ, ಉಸಿರು ಬಿಡಬೇಕಾದ ಕಡೆ ಕೂಗ್ತಾನೆ. ಒಳ್ಳೇ ಮೂಲಂಗಿ ಮಣ್ಣಿನ ಬೆಲೆಗೆ ಹೋಯ್ತು.

ಸರ್ದಾರ್ ಪಕ್ಕಕ್ಕೆ ಕರೆದ. "ತೂಕದ ಚೀಟಿ ಬರ್ಯಕ್ಕೆ ಬಾ ಅಣ್ಣ. ಕುಂತ್ಕಂಡು ಮಾಡೋ ಕೆಲ್ಸ."

ಚೀಟಿ ಬರೆಯಕ್ಕೆ ನಾನೇನು ಕುಂಟನಾ? ಅವನ ಮುಖಕ್ಕೆ ಉಗಿಯೋ ಹಂಗೆ ನೋಡಿ ಎದ್ದು ಬಂದೆ. ಪಾಪ ಅಂತ ನೋಡ್ತಾರಲ್ಲ, ಆ ನೋಟಕ್ಕಿಂತ ಚಪ್ಪಲಿ ಏಟು ವಾಸಿ.

ಜನವರಿ 20, ಸೋಮವಾರ

ಚಾಮರಾಜನಗರಕ್ಕೆ ಹೋಗಿ ಲಾಯರ್ ರಾಜಶೇಖರನ್ನ ನೋಡಿ ಬಂದೊ. ಗ್ರಾಹಕರ ಕೋರ್ಟಲ್ಲಿ ಕೇಸು ಹಾಕೋದು ಅಂತ ಆಯ್ತು. ನನ್ನ ಹೆಂಡತಿ ಗುರುಮಲ್ಲಿ, ಮಗಳು ಕಾವ್ಯಶ್ರೀ ಇಬ್ಬರೂ ಬಂದಿದ್ದರು. ಅವರಿಗೆ ಬಸ್ಸು ಫ್ರೀ. ಗಂಟಲು ಹೋದೋನಿಗೆ ಮಾತ್ರ ಟಿಕೆಟ್ಟು.

ಲಾಯರು ಕ್ಯಾಲ್ಕುಲೇಟರ್ ಇಟ್ಕೊಂಡು ಕೂತ. ವಯಸ್ಸೆಷ್ಟು, ನಲವತ್ತೇಳು. ಸಂಪಾದನೆ ಎಷ್ಟು, ತಿಂಗಳಿಗೆ ಮೂವತ್ತು ಸಾವಿರ. ಚೀಟಿ ಅದೆಯಾ? ಎಲ್ಲಿಂದ ತರಲಿ, ಮಂಡಿಯಲ್ಲಿ ಜೇಬಿಂದ ಜೇಬಿಗೆ ಲೆಕ್ಕ. "ಹಾಗಾದರೆ ಹದಿನೆಂಟು ಅಂತ ಹಿಡಿಯೋಣ" ಅಂದ. ನಾನು ಮೇಜು ಗುದ್ದಿದೆ. ಅವನು ತಲೆ ಎತ್ತಲಿಲ್ಲ.

"ಕೈಕಾಲು ಹೋದರೆ ಸಲೀಸು ಶಿವಮಲ್ಲಪ್ಪನವರೆ. ಇಷ್ಟು ಪರ್ಸೆಂಟು ಅಂತ ಡಾಕ್ಟರು ಬರೆದುಕೊಡ್ತಾರೆ. ಸ್ವರ ಹೋಗಿದ್ದು ಹಂಗಲ್ಲ. ನಾಳೆ ಎದುರು ಲಾಯರು, ಹೊಲ ಉಳಕ್ಕೆ ಸ್ವರ ಬೇಕಾ, ಮೂಟೆ ಹೊರಕ್ಕೆ ಸ್ವರ ಬೇಕಾ ಅಂತಾನೆ. ಈ ಸ್ವರಾನೇ ಇವರ ಅನ್ನ ಅಂತ ನಾವು ತೋರಿಸಬೇಕು."

ಆಮೇಲೆ ಒಂದೊಂದೇ ಸಾಲು ಬರೆದ. ದುಡಿಮೆ ನಷ್ಟಕ್ಕೆ ಇಷ್ಟು, ಆಸ್ಪತ್ರೆ ಖರ್ಚಿಗೆ ಇಷ್ಟು, ನೋವಿಗೆ ಇಷ್ಟು. ನೋವಿಗೂ ರೇಟು! ಕೊನೆಗೆ "ಹೆಂಡತಿಗೆ ಆದ ನಷ್ಟ, ಎರಡು ಲಕ್ಷ" ಅಂತ ಬರೆದ.

ಅವಳಿಗೆ ಯಾಕೆ ಅಂತ ನೋಟ್‌ಬುಕ್ಕಲ್ಲಿ ಬರೆದು ತೋರಿಸಿದೆ.

"ಗಂಡನ ಮಾತು, ಸಮಾಧಾನ, ಎರಡು ಒಳ್ಳೇ ನುಡಿ, ಅದೆಲ್ಲ ಇನ್ನು ಅವರಿಗೆ ಇಲ್ಲವಲ್ಲ. ಅದನ್ನೂ ಕೇಳಬಹುದು."

ಗುರುಮಲ್ಲಿ ಕೂತಲ್ಲೇ ಸೆರಗು ಸರಿ ಮಾಡಿಕೊಂಡಳು. ಲಾಯರು ಬೊಟ್ಟು ಮಾಡಿದ ಕಡೆಯೆಲ್ಲ ಸೈನು ಹಾಕಿದಳು. ಎರಡು ಲಕ್ಷ ಸುಮ್ಮನೆ ಬರೋದಾದರೆ ಯಾರು ಬೇಡ ಅಂತಾರೆ.

ಫೆಬ್ರವರಿ 3, ಸೋಮವಾರ

ಈ ಮನೆ ಕೆಟ್ಟು ಕೆರ ಹಿಡೀತಾ ಅದೆ.

ಕಾಫಿ ಬೇಕಾದರೆ ತಟ್ಟೆಗೆ ಲೋಟದಲ್ಲಿ ಬಡೀತೀನಿ. ಇನ್ನೇನು ಮಾಡಲಿ? ಮೂರು ತಿಂಗಳಿಂದ ಹಂಗೇ ನಡೀತಾ ಇತ್ತು. ಇವತ್ತು ಬಡಿದೆ, ಬರಲಿಲ್ಲ. ಮತ್ತೆ ಬಡಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳ್ತಾಳೆ:

"ಅದ್ಯಾಕಂಗೆ ತಟ್ಟೆ ಬಡ್ದೀರಿ? ದನವಾ ನಾವು, ಸದ್ದಿಗೆ ಓಡ್ಬರಕ್ಕೆ? ಎದ್ದು ಬಂದು ಕೈ ತೋರ್ಸಿ. ಕಾಲಿಗೇನಾಗಿಲ್ವಲ್ಲ."

ನನಗೆ! ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಎದುರು ಮಾತಾಡದ ಹೆಂಗಸು! ಬಾಯಿ ತೆಗೆದೆ. ಬುಸ್ ಅಂತು. ಅವಳು ಒಳಗೆ ಹೋದಳು.

ಇನ್ನೊಂದು. ಸರ್ದಾರನ ಅಕ್ಕ ರಹಮತ್ ಬಿ ನಮ್ಮ ಬೀದಿಯೇ, ಎಷ್ಟೋ ವರ್ಷದಿಂದ. ಒಂದು ದಿನ ನಮ್ಮ ಹೊಸಲು ತುಳಿದವಳಲ್ಲ. ಈಗ ದಿನಾ ಮಧ್ಯಾಹ್ನ ಬಂದು ಜಗಲಿ ಮೇಲೆ ಕಾಲು ಚಾಚಿ ಕೂರ್ತಾಳೆ. ಸೊಪ್ಪು ಬಿಡಿಸೋದು, ಕಿಸಿಕಿಸಿ ನಗೋದು. ನನ್ನ ಮನೆ ಸಂತೆಮಾಳ ಆಗೋಯ್ತು. ಕಾವ್ಯಶ್ರೀ ಗುಂಡ್ಲುಪೇಟೆ ಕಾಲೇಜಿಂದ ಬಂದು ಹಜಾರದಲ್ಲೇ ಗಟ್ಟಿಯಾಗಿ ಓದ್ತಾಳೆ. ಮೊದಲು ಕೋಣೆ ಬಾಗಿಲು ಹಾಕಿಕೊಂಡು ಓದೋಳು. ಗುರುಮಲ್ಲಿ ಪಾತ್ರೆ ಉಜ್ಜುತ್ತಾ ಮಾದಪ್ಪನ ಹಾಡು ಹೇಳ್ತಾಳೆ. ಅವಳಿಗೆ ಹಾಡು ಬತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ನನ್ನ ಗಂಟಲು ಹೋಗಿದ್ದು ಎಲ್ಲರಿಗೂ ಹಬ್ಬ.

ಮಾರ್ಚ್ 11, ಮಂಗಳವಾರ

ಥೂ ಅವನ ಜನ್ಮಕ್ಕೆ!

ಆ ಕತ್ತು ಕೊಯ್ದವನು ಕೋರ್ಟಿಗೆ ಉತ್ತರ ಕೊಟ್ಟವನೆ. ಲಾಯರು ಓದಿ ಹೇಳಿದ. "ರೋಗಿಯು ಹಲವಾರು ವರ್ಷಗಳಿಂದ ಹರಾಜು ಕೂಗುವ ವೃತ್ತಿಯಲ್ಲಿದ್ದು, ಹೊಗೆಸೊಪ್ಪು ಸೇವನೆಯಿಂದಲೂ ಆತನ ಸ್ವರವು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸಂಪೂರ್ಣ ಒಡೆದಿತ್ತು." ಆಸ್ಪತ್ರೆ ಕಾಗದದಲ್ಲೂ ಹಂಗೇ ಒಂದು ಸಾಲು ಸೇರಿಸವರೆ, ಬೇರೆ ಪೆನ್ನಲ್ಲಿ.

ಒಡೆದಿತ್ತಂತೆ! ನನ್ನ ಸ್ವರ! ಅವನ ಹತ್ರ ಹೋದ ದಿನ ಟೋಕನ್ ಕೊಡೋ ಹುಡುಗಿಯನ್ನ ಬೈದಿದ್ದು ರಸ್ತೆಗೆ ಕೇಳಿಸಿತ್ತಲ್ಲ, ಅವನ ಕಿವಿಗೇನು ಸೀಸ ಕಾಯಿಸಿ ಹುಯ್ದಿದ್ದರಾ? ದುಡ್ಡು ಕೊಡದೆ ಇದ್ದರೆ ಸಾಯಲಿ. ಇಲ್ಲದ ಮಾತು ಹೇಳ್ತಾನಲ್ಲ. ಸ್ವರ ಕಿತ್ಕೊಂಡಿದ್ದು ಸಾಲದು ಅಂತ ಆ ಸ್ವರ ಇರಲೇ ಇಲ್ಲ ಅಂತಾನೆ.

ರಾಜಶೇಖರ ಕನ್ನಡಕ ಒರೆಸಿಕೊಂಡು ಹೇಳಿದ. "ಇದು ನಿಂತರೆ ನಮ್ಮ ಲೆಕ್ಕ ಅಷ್ಟೂ ಬಿದ್ದೋಗುತ್ತೆ. ಒಡೆದ ಮಡಕೆ ಒಡೆದದ್ದಕ್ಕೆ ಯಾರು ದುಡ್ಡು ಕೊಡ್ತಾರೆ? ಆಪರೇಷನ್‌ಗೆ ಮುಂಚಿನ ನಿಮ್ಮ ಸ್ವರ ಬೇಕು. ಕೂಗಿದ್ದು. ತಾರೀಖು ಸಮೇತ. ಯಾರ ಫೋನಲ್ಲಾದರೂ ಇದ್ದೇ ಇರುತ್ತೆ, ಹುಡುಕಿ."

ಮಾರ್ಚ್ 24, ಸೋಮವಾರ

ಇಲ್ಲ.

ಮಂಡಿಯ ಫೋನುಗಳಲ್ಲೆಲ್ಲ ಟೊಮೆಟೊ ಕ್ರೇಟಿನ ಫೋಟೊ, ತೂಕದ ಫೋಟೊ. ಸರ್ದಾರ್ ವಯನಾಡಿನ ಸೇಟುಗಳಿಗೆಲ್ಲ ಫೋನ್ ಹಚ್ಚಿದ. ಪಾಪ, ಅರ್ಧ ದಿನ ಅದೇ ಕೆಲಸ ಮಾಡಿದ. ಯಾರ ಹತ್ರಾನೂ ಇಲ್ಲ. "ದಿನಾ ಕೇಳ್ತಿದ್ದೊ, ಇಟ್ಕಬೇಕು ಅಂತ ಯಾರಿಗ್ ಒಳೀತು ಅಣ್ಣ" ಅಂದ. ಅವನ ಕಣ್ಣಲ್ಲಿ ನೀರಿತ್ತು, ನಾಟಕ ಇರಬೇಕು.

ಗುರುಮಲ್ಲಿ ಮದ್ದೂರಿನ ತವರಿಗೆ ಹೇಳಿ ಅಲ್ಲಿ ನಡೆದ ನೆಂಟರ ಮದುವೆ ವಿಡಿಯೊ ತರಿಸಿದಳು. ಅದರಲ್ಲಿ ಸಿಕ್ಕಿದೆ. ಎಲೆ ಮುಂದೆ ಕೂತು ಹೋಳಿಗೆ ತಿಂತಾ ಇದೀನಿ. ಬಾಯಿ ತುಂಬ ಹೋಳಿಗೆ.

ಮಾರ್ಚ್ 30, ಭಾನುವಾರ

ಯುಗಾದಿ. ಬೇವು ಬೆಲ್ಲ ಕೊಟ್ಟಳು. ಬೇವು ನನ್ನ ಪಾಲಿಗೆ ಜಾಸ್ತಿ ಹಾಕಿದ್ದಳು ಅನ್ಸುತ್ತೆ.

ಏಪ್ರಿಲ್ 8, ಮಂಗಳವಾರ

ಸಿಕ್ತು! ಸಿಕ್ತು ಕಣಪ್ಪ ಮಾದಪ್ಪ, ಸಿಕ್ತು!

ಸಾಯಂಕಾಲ ಕಾವ್ಯಶ್ರೀ ಬಂದು ಎದುರು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅಪ್ಪ, ನನ್ ಫೋನಲ್ಲಿ ಒಂದದೆ."

ಎದ್ದು ಕೈ ಚಾಚಿದೆ. ಕೊಡಲಿಲ್ಲ.

"ಆಪರೇಸನ್‌ಗೆ ನಾಕ್ ದಿನ ಮುಂಚೆ ಮಾಡಿದ್ದು. ನಿಂಗೇ ಕೇಳ್ಸನ ಅಂತ ಮಾಡ್ದೆ. ನೀನ್ ಎಂಗ್ ಬೈತೀಯ ಅಂತ ನಿಂಗೊಂದ್ಸಲ ಕೇಳ್ಸಬೇಕು ಅಂತ. ಆಮೇಲೆ ಎದ್ರಿಕೆ ಆಯ್ತು. ಅಷ್ಟೊತ್ಗೆ ಸ್ವರಾನೇ ಓಯ್ತಲ್ಲ, ಸುಮ್ಕಾದೆ."

ಫೋನು ಮೇಜಿನ ಮೇಲಿಟ್ಟು ಒತ್ತಿದಳು. ಅಬ್ಬಾ! ಗೋಡೆಗೆ ಬಡಿದು ವಾಪಸ್ ಬರೋ ಅಂಥ ಸ್ವರ. ಏರು ಏರು ಅಂತ ಏರಿ, ಒಂದು ಗಳಿಗೆ ನಿಂತು, ತಟ್ಟಂತ ಇಳೀತದೆ. ಇದು ನಾನು. ಇದು ನಾನೇ ಕಣ್ರಲಾ! ಎಲ್ಲಿ ಒಡೆದದೆ ತೋರಿಸು ಬಾರೋ ಕತ್ತು ಕೊಯ್ದವನೇ. ಮೂರು ಸಲ ಹಾಕಿಸಿ ಕೇಳಿದೆ. ಅಳು ಬಂತು. ಬಂದರೆ ಬರಲಿ, ನನ್ನ ಸ್ವರಕ್ಕೆ ನಾನು ಅಳ್ತೀನಿ.

ಆಸ್ಪತ್ರೆ ಬ್ಯಾಗಲ್ಲಿ ಟವೆಲು ಇಟ್ಟಿಲ್ಲ ಅಂತ ಗುರುಮಲ್ಲಿ ಮೇಲೆ ರೇಗಿದ್ದು ಅದು. ಬೈತಾ ಬೈತಾ ಹರಾಜು ಕೂಗಿದೀನಿ. ಅದು ನಮ್ಮನೇಲಿ ಹಳೇ ತಮಾಷೆ. ನೆಂಟರ ಮುಂದೆ ಕೂಗಿದಾಗ ಅವರೂ ಹೊಟ್ಟೆ ಹಿಡಿದು ನಕ್ಕವರೆ. ಒಳ್ಳೇದೇ ಆಯ್ತು. ಲಾಯರಿಗೆ ಬೇಕಾಗಿದ್ದು ಕೂಗೇ ತಾನೆ!

ಕಾವ್ಯಶ್ರೀ ಮಾತ್ರ ಮೂರನೇ ಸಲಕ್ಕೆ ಮುಂಚೆಯೇ ಎದ್ದು ಹೊರಗೆ ಹೋದಳು.

ಏಪ್ರಿಲ್ 15, ಮಂಗಳವಾರ

ರಾಜಶೇಖರನ ಆಫೀಸಿಗೆ ಒಬ್ಬನೇ ಫೋನು ತಗೊಂಡು ಹೋದೆ. ಅವನು ಕೇಳಿ ಮೇಜು ತಟ್ಟಿದ. "ಅದ್ಭುತ! ತಾರೀಖು ಇದೆ, ಸ್ವರ ಇದೆ, ಕಸುಬಿನ ಕೂಗೇ ಇದೆ. ಇದಕ್ಕಿಂತ ಸಾಕ್ಷಿ ಬೇಕಾ?" ಅಂದ. ಕೋರ್ಟಿಗೆ ಕೊಡಬೇಕಾದರೆ ಅದರಲ್ಲಿರೋ ಮಾತೆಲ್ಲ ಟೈಪ್ ಆಗಬೇಕಂತೆ. ಅನು ಅಂತ ಒಂದು ಹೆಣ್ಣುಮಗಳು ಟೈಪಿಗೆ ಕೂತವಳೆ, ಕಾವ್ಯಶ್ರೀಗಿಂತ ನಾಕೈದು ವರ್ಷ ದೊಡ್ಡವಳಿರಬಹುದು. ಕಿವಿಗೆ ವಯರು ಸಿಕ್ಕಿಸಿಕೊಂಡು ಟಪಟಪ ಶುರು ಮಾಡಿದಳು.

ಸ್ವಲ್ಪ ಹೊತ್ತಿಗೆ ನಿಲ್ಲಿಸಿದಳು.

"ಸರ್, ಇದನ್ನೂ ಬರೀಬೇಕಾ?"

"ಒಂದಕ್ಷರ ಬಿಡಬಾರದಮ್ಮ. ಬಿಟ್ಟರೆ ತಿದ್ದಿದ್ದೀರಿ ಅಂತಾರೆ."

ಅವಳು ನನ್ನ ಕಡೆ ನೋಡಿದಳು. ಸುಮ್ಮನೆ ನೋಡಿದಳು, ಅಷ್ಟೆ. ಮತ್ತೆ ಟೈಪ್ ಮಾಡಿದಳು. ಮುಗಿದ ಮೇಲೆ ತಪ್ಪಿದೆಯಾ ನೋಡಿ ಅಂತ ಲಾಯರ್ ಅವಳ ಕೈಲೇ ಗಟ್ಟಿಯಾಗಿ ಓದಿಸಿದ. ಅವಳು ಪಾಠ ಓದೋ ಹಂಗೆ ಓದಿದಳು.

"ಬನ್ರಪ್ಪೋ ಬನ್ನಿ. ಮಾಲು ನೋಡ್ರಪ್ಪೋ. ಮದ್ದೂರಿನ ಮಾಲು, ಇಪ್ಪತ್ತೆರಡು ವರ್ಷದ ಹಳೇ ಮಾಲು. ಒಂದು ಕಡೆ ಕೊಳೆತದೆ, ಒಂದು ಕಡೆ ಬಾಡೋಗದೆ. ಒಂದು ರೂಪಾಯಿ, ಒಂದೇ ರೂಪಾಯಿ. ಯಾರು ಕೇಳ್ತೀರಿ. ಒಂದು ರೂಪಾಯಿ ಒಂದು ಸಲ. ಒಂದು ರೂಪಾಯಿ ಎರಡು ಸಲ. ಯಾರಿಗೂ ಬೇಡವಾ. ಹಂಗಾದರೆ ತಿಪ್ಪೆಗೆ ಸುರೀರಪ್ಪೋ."

ಆಮೇಲೆ "ಇಲ್ಲಿ ಮಹಿಳೆಯೊಬ್ಬರು ಅಳುವ ಶಬ್ದ" ಅಂತ ಬರೆದಿದ್ದಳು, ಅದನ್ನೂ ಓದಿದಳು. ಮೂರು ಸಲ ಕೇಳಿದರೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

"ಸರಿಯಾಗಿದೆಯಾ?" ಅಂದ ಲಾಯರು. ಹೂಂ ಅಂತ ತಲೆ ಆಡಿಸಿದೆ. ಸೈನ್ ಹಾಕಿ ಅಂದ. ನಾಳೆ ಬತ್ತೀನಿ ಅಂತ ಬರೆದು ತೋರಿಸಿ ಎದ್ದು ಬಂದೆ.

ಆ ಹುಡುಗಿಗೆ ಓದಕ್ಕೆ ಬರಲ್ಲ. ಕೂಗಿದಾಗ ಅದು ಹಂಗಿರಲಿಲ್ಲ. ಕೂಗಿದಾಗ ನಗು ಬರೋ ಹಂಗಿತ್ತು.

ಏಪ್ರಿಲ್ 17, ಗುರುವಾರ

ಹೋಗಲಿಲ್ಲ. ಬಿಸಿಲು.

ಮೇ 5, ಸೋಮವಾರ

ಲಾಯರು ಎರಡು ಸಲ ಫೋನ್ ಮಾಡಿ ಕಾವ್ಯಶ್ರೀ ಹತ್ರ ಕೂಗಾಡಿದನಂತೆ. ಕೂಗಾಡಲಿ, ಅವನಿಗೆ ಗಂಟಲದೆ.

ಇವತ್ತು ನರ್ಸಿಂಗ್ ಹೋಮಿನ ಮ್ಯಾನೇಜರು ಕಾರಲ್ಲಿ ಬಂದ. ಬಿಳಿ ಶರ್ಟು, ಸೆಂಟು. ಜಗಲಿ ಮೇಲೆ ಕೂತು ಗುರುಮಲ್ಲಿ ಕೊಟ್ಟ ಮಜ್ಜಿಗೆ ಕುಡಿದ. ಕೋರ್ಟು ಯಾಕೆ, ಹೊರಗೇ ಮುಗಿಸೋಣ, ಮೂರು ಲಕ್ಷ ಕೊಡ್ತೀವಿ ಅಂದ. ಒಂದು ಕಾಗದಕ್ಕೆ ಸೈನ್ ಬೇಕಂತೆ. ಕಾಗದ ಓದಿದೆ. "ನನ್ನ ಸ್ವರವು ಮೊದಲೇ ಒಡೆದಿದ್ದು, ಇದರಲ್ಲಿ ವೈದ್ಯರ ತಪ್ಪು ಏನೂ ಇಲ್ಲವೆಂದು ಒಪ್ಪುತ್ತೇನೆ."

ಕಾಗದ ಅವನ ಮಜ್ಜಿಗೆ ಲೋಟದ ಕೆಳಗೆ ಇಟ್ಟು, ಕಾರಿನ ಕಡೆ ಕೈ ತೋರಿಸಿದೆ. "ಯೋಚನೆ ಮಾಡಿ, ನಿಮ್ಮ ಹತ್ರ ಸಾಕ್ಷಿ ಏನೂ ಇಲ್ಲವಂತಲ್ಲ" ಅಂತ ನಕ್ಕು ಹೋದ.

ಸಾಕ್ಷಿ ಅದೆ ಕಣೋ. ಅದೇ ಕಷ್ಟ ಆಗಿರೋದು.

ಅದನ್ನ ಕೋರ್ಟಲ್ಲಿ ಹಾಕಿದರೆ ಎಲ್ಲ ಕೇಳ್ತಾರೆ. ಹಾಕದಿದ್ದರೆ ಇವನ ಮಾತೇ ನಿಲ್ಲುತ್ತೆ. ಒಡೆದ ಗಂಟಲಿನ ಶಿವಮಲ್ಲಪ್ಪ ಅಂತ ಕೋರ್ಟಿನ ಕಾಗದದಲ್ಲಿ ಇರುತ್ತೆ. ಇಪ್ಪತ್ತೈದು ವರ್ಷ ಕೂಗಿದ್ದು ಸುಳ್ಳಾಗುತ್ತೆ. ಯಾವನಿಗೂ ಬೇಡ ಈ ಪಾಡು. ನಾನು ಅವಳ ಬಗ್ಗೆ ಯೋಚನೆ ಮಾಡ್ತಾ ಇಲ್ಲ, ನನ್ನ ಮಾನದ ಬಗ್ಗೆ ಮಾಡ್ತಾ ಇದೀನಿ. ಊರಿನೋರು ಆಡಿಕೊಳ್ತಾರೆ.

ಮೇ 13, ಮಂಗಳವಾರ

ಮಳೆ ಬಂತು. ಗೋಪಾಲಸ್ವಾಮಿ ಬೆಟ್ಟದ ಕಡೆ ಕಪ್ಪಾಗಿತ್ತು. ಒಣಗಲು ಹಾಕಿದ್ದ ಅರಿಸಿನ ಒಳಗೆ ಎತ್ತಿ ಹಾಕಿದೊ. ಅವಳು ಮಂಡಿ ಹಿಡಿದುಕೊಂಡು ಕುಂಟುತ್ತಾ ಓಡಾಡ್ತಿದ್ದಳು. ಮಂಡಿ ನೋವು ಯಾವಾಗಿಂದ ಅಂತ ಬರೆದು ತೋರಿಸಿದೆ. "ಅಯ್ಯೋ, ಮೂರ್ ವರ್ಸ ಆಯ್ತು ಬುಡಿ" ಅಂದಳು. ಯಾರಿಗೆ ಹೇಳಿದ್ದಳು? ರಹಮತ್ ಬಿಗಂತೂ ಗೊತ್ತದೆ, ಎಣ್ಣೆ ತಂದುಕೊಟ್ಟವಳು ಅವಳೇ. ನನ್ನ ಮನೆ ವಿಷಯ ಬೀದಿಗೆ ಮೊದಲು ಗೊತ್ತಾಗುತ್ತೆ, ನೋಡಿ ಹೆಂಗದೆ.

ಕಾಫಿಗೆ ನಾನೇ ಎದ್ದು ಅಡುಗೆಮನೆಗೆ ಹೋದೆ. ತಟ್ಟೆ ಬಡಿಯೋದು ನನಗೇ ಬೇಜಾರಾಗಿ ಬಿಟ್ಟದೆ. ಅಲ್ಲೇ ಮಣೆ ಮೇಲೆ ಕೂತು, ರೆಕಾರ್ಡಿನ ವಿಷಯ ಪೂರ್ತಿ ಬರೆದು ಮುಂದಿಟ್ಟೆ. ಇದನ್ನ ಕೋರ್ಟಲ್ಲಿ ಎಲ್ಲರ ಮುಂದೆ ಹಾಕ್ತಾರೆ, ಏನ್ ಮಾಡನ ಅಂತ ಕೊನೇಲಿ ಬರೆದೆ. ಅವಳು ಒಲೆ ಸಣ್ಣಗೆ ಮಾಡಿ, ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಎರಡು ಸಲ ಓದಿದಳು.

"ಅವ್ಳು ರೆಕಾಡು ಮಾಡುವಾಗ ನಾನಲ್ಲೇ ಇದ್ನಲ್ಲ. ಬಾಗ್ಲ ಸಂದೀಲಿ ಫೋನ್ ಇಟ್ಕಂಡಿದ್ಲು, ಕಂಡಿದ್ದೆ" ಅಂದಳು.

ಬೇಡ ಅಂತ ಮಾಡ್ಬುಡ್ಲಾ ಅಂತ ಬರೆದೆ.

"ಯಾಕೆ ಬ್ಯಾಡ? ಆಕ್ಸಿ. ಇಷ್ಟ್ ವರ್ಸ ನಾನೊಬ್ಳೇ ಕೇಳಿವ್ನಿ. ಅವ್ರೂ ಒಸಿ ಕೇಳ್ಲಿ."

ಕಾಫಿ ಬಸಿದು ಲೋಟ ನನ್ನ ಮುಂದೆ ಇಟ್ಟಳು. ಸಕ್ಕರೆ ಸರಿಯಾಗಿತ್ತು. ಯಾವಾಗಲೂ ಸರಿಯಾಗೇ ಇರುತ್ತೆ.

ಮೇ 15, ಗುರುವಾರ

ಹೋಗಿ ಸೈನ್ ಹಾಕಿ ಬಂದೆ. ಅನು ಪೆನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಜುಲೈ 10, ಗುರುವಾರ

ಮಂಡಿಯಲ್ಲಿ ಚೀಟಿ ಬರೀತಾ ಇದೀನಿ, ಒಂದು ತಿಂಗಳಾಯ್ತು. ಸರ್ದಾರನಿಗೋಸ್ಕರ ಅಲ್ಲ. ಮನೇಲಿ ಆ ಹೆಂಗಸರ ನಗು ಕೇಳಿ ಕೇಳಿ ತಲೆ ಕೆಟ್ಟು ಹೋಗಿದೀನಿ.

ಮಲ್ಲೇಶನಿಗೆ ಇವತ್ತು ಬರೆದುಕೊಟ್ಟೆ. ರೇಟು ಏರುವಾಗ ಉಸಿರು ಹೊಟ್ಟೆಯಿಂದ ತಗೋ, ಮೈಕು ಒಂದು ಗೇಣು ದೂರ ಹಿಡಿ, ಕತ್ತೆ. ಕತ್ತೆ ಅಂತ ಬರೆದಿದ್ದಕ್ಕೂ ನಕ್ಕ. ಮಧ್ಯಾಹ್ನ ಬದನೇಕಾಯಿ ಪರವಾಗಿಲ್ಲ ಅನ್ನೋ ಹಂಗೆ ಕೂಗಿದ. ಉಳಿದಿದ್ದೆಲ್ಲ ದರಿದ್ರ.

ಆಗಸ್ಟ್ 19, ಮಂಗಳವಾರ

ಇವತ್ತು ನಡೆದಿದ್ದನ್ನ ನಡೆದ ಹಂಗೆ ಬರೀತೀನಿ.

ಕೋರ್ಟು ಅಂದರೆ ಕಟಕಟೆ ಗಿಟಕಟೆ ಏನಿಲ್ಲ. ಒಂದು ದೊಡ್ಡ ಕೋಣೆ, ಮೇಲೆ ಅಧ್ಯಕ್ಷರು ಅಂತ ಒಬ್ಬರು, ಪಕ್ಕದಲ್ಲಿ ಇಬ್ಬರು. ಕೆಳಗೆ ಕುರ್ಚಿ ತುಂಬ ಜನ. ಬೇರೆ ಬೇರೆ ಕೇಸಿನೋರು, ಕೆಟ್ಟ ಫ್ರಿಜ್ಜಿನೋರು, ಇನ್ಶೂರೆನ್ಸಿನೋರು. ಆ ಕತ್ತು ಕೊಯ್ದವನು ಮುಂದೆ ಕೂತಿದ್ದ, ಕಾಲ ಮೇಲೆ ಕಾಲು. ನಾವು ಮೂರು ಜನ ಹಿಂದೆ.

ರಾಜಶೇಖರ ಎರಡು ಮಾತಾಡಿ, ಲ್ಯಾಪ್‌ಟಾಪು ಸ್ಪೀಕರಿಗೆ ಸಿಕ್ಕಿಸಿ ಒತ್ತಿದ.

ಬನ್ರಪ್ಪೋ ಬನ್ನಿ ಅಂತು. ಮಾತಾಡ್ತಿದ್ದ ಜನ ತಟ್ಟಂತ ಸುಮ್ಮನಾದರು. ಕೋಣೆ ಬಾಗಿಲಾಚೆ ಹೋಗ್ತಿದ್ದ ಜವಾನ ನಿಂತು ಇಣುಕಿದ. ನನ್ನ ಸ್ವರಕ್ಕೆ ಅಷ್ಟು ಶಕ್ತಿ ಇತ್ತು. ಮೊದಲಿನ ಎರಡು ಮಾತಿಗೆ ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಒಂದ್ರುಪಾಯಿ ಅಂದಾಗ ಆ ನಗು ನಿಂತೋಯ್ತು. ಕೊನೇಲಿ ಅವಳು ಅತ್ತಿದ್ದು ಸ್ಪೀಕರಲ್ಲಿ ಸ್ಪಷ್ಟವಾಗಿ ಕೇಳಿಸ್ತು. ಇನ್ಶೂರೆನ್ಸಿಗೆ ಬಂದಿದ್ದ ಒಬ್ಬ ಮುದುಕಿ ತಿರುಗಿ ನನ್ನ ನೋಡಿದಳು.

"ಇದು ಯಾರ ಧ್ವನಿ?" ಅಂದರು ಅಧ್ಯಕ್ಷರು.

ಎದ್ದು ನಿಂತೆ. ಬಾಯಿ ತೆಗೆದೆ. ನನ್ನದು ಅನ್ನಬೇಕಿತ್ತು, ಅಷ್ಟೆ. ಗಾಳಿ ಬಂತು. ಮತ್ತೆ ತೆಗೆದೆ, ಮತ್ತೆ ಗಾಳಿ. ಪಕ್ಕದಲ್ಲಿ ಗುರುಮಲ್ಲಿ ಮಂಡಿ ಹಿಡಿದುಕೊಂಡು ಎದ್ದಳು.

"ಇವ್ರದ್ದೇ ಸ್ವಾಮಿ. ಇಪ್ಪತ್ತೆರಡು ವರ್ಸ ಕೇಳಿವ್ನಿ, ನಂಗ್ ಗುರ್ತು ಸಿಕ್ದೆ ಇದ್ದದಾ?"

ಅವಳನ್ನ ಮುಂದೆ ಕರೆದು ಪ್ರಮಾಣ ಮಾಡಿಸಿದರು. ಸತ್ಯ ಹೇಳ್ತೀನಿ ಅಂದ ಮೇಲೆ, ಯಾರೂ ಕೇಳದೆ, "ಮಾದಪ್ಪನ ಆಣೆಗೂ" ಅಂತ ತಾನೇ ಸ್ವರ ಎತ್ತಿ ಸೇರಿಸಿದಳು. ಎದುರು ಲಾಯರು ಎದ್ದ, ವಯಸ್ಸಾದ ನಯವಾದ ಆಸಾಮಿ.

"ಆಪರೇಷನ್‌ಗೆ ಮುಂಚೆ ನಿಮ್ಮ ಯಜಮಾನರ ಸ್ವರ ಒಡೆದಿತ್ತಲ್ಲಮ್ಮ?"

"ಎಲ್ ಒಡ್ದಿತ್ತು? ಕಂಚಿದ್ದಂಗಿತ್ತು. ಬೀದಿ ಕೊನೇಗಂಟ ಕೇಳ್ಸೋದು. ಈಗ ನೀವೂ ಕೇಳುದ್ರಲ್ಲ."

ಅಧ್ಯಕ್ಷರು, ಆ ವಿಷಯ ಮುಗೀತು, ಬೇರೆ ಕೇಳಿ ಅಂದರು. ಮುಂದಿನ ಸಾಲಲ್ಲಿ ಕಾಲ ಮೇಲಿನ ಕಾಲು ಕೆಳಗಿಳೀತು. ಅದನ್ನ ನೋಡಿ ನನ್ನ ಹೊಟ್ಟೆ ತಣ್ಣಗಾಯ್ತು. ಗೆದ್ದೆ ಅಂದುಕೊಂಡೆ.

ಎದುರು ಲಾಯರು ಕಾಗದ ತಿರುವಿದ. "ಸರಿ. ಹೆಂಡತಿಗೆ ಆದ ನಷ್ಟ ಅಂತ ಎರಡು ಲಕ್ಷ ಕೇಳಿದ್ದೀರಿ. ಗಂಡನ ಒಳ್ಳೆಯ ಮಾತು ಇಲ್ಲವಾಯ್ತು ಅಂತ. ಈಗ ಕೇಳಿದೆವಲ್ಲ, ಆ ಮಾತು ಹೋಗಿದ್ದು ನಿಮಗೆ ನಷ್ಟವಾ ಲಾಭವಾ?"

ರಾಜಶೇಖರ ಆಕ್ಷೇಪಣೆ ಅಂತ ಎದ್ದ. ಅವಳು ಅವನಿಗೆ ಕೂತ್ಕೊಳಿ ಅಂತ ಕೈ ಮಾಡಿದಳು.

"ನಾನ್ ಕೇಳಿಲ್ಲ ಸ್ವಾಮಿ, ನಮ್ ಲಾಯರ್ ಸಾಹೇಬ್ರು ಬರ್ಕಂಡವ್ರೆ. ಅದ್ನ ಒಡ್ದಾಕ್ಬುಡಿ. ನಂಗೆ ನಷ್ಟ ಆಗೋಗದೆ ಅಂತ ಮಾದಪ್ಪನ ಮೇಲೆ ಆಣೆ ಮಾಡಿ ಸುಳ್ಳೇಳಕ್ಕಾಗಲ್ಲ. ಮನೆ ತಣ್ಣಗದೆ. ನನ್ ಮಗ್ಳು ನಗ್ತಾಳೆ. ಆದ್ರೆ ಅವ್ರು ಅನ್ನ ತಿಂತಿದ್ದಿದ್ದು ಆ ಗಂಟ್ಲಲ್ಲಿ. ಅದ್ನ ಕುಯ್ದೋರು ಅದ್ರ ರೇಟು ಕೊಡ್ಲಿ, ಒಂದ್ ಪೈಸ ಕಮ್ಮಿ ಮಾಡ್ಬ್ಯಾಡಿ."

ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು.

"ನನ್ ರೇಟು ಅವ್ರೇ ಕಟ್ಟವ್ರೆ. ಅದೂ ಕೇಳುದ್ರಲ್ಲ."

ಅವಳು ನಿಧಾನವಾಗಿ ಬಂದು ಪಕ್ಕದಲ್ಲಿ ಕೂತಳು. ಕಾವ್ಯಶ್ರೀ ಅವಳ ಕೈ ಹಿಡಕೊಂಡಳು.

ಹೊರಗೆ ಬಂದ ಮೇಲೆ ರಾಜಶೇಖರ ಅವಳ ಮೇಲೆ ಹರಿಹಾಯ್ದ. "ಏನಮ್ಮ, ತಲೆ ನೆಟ್ಟಗಿದೆಯಾ? ಎರಡು ಲಕ್ಷ! ಬಾಯಿ ಮುಚ್ಚಿಕೊಂಡು ಇರಕ್ಕಾಗಲ್ವಾ? ಶಿವಮಲ್ಲಪ್ಪನವರೆ, ಗಾಬರಿ ಬೇಡ, ಬಾಯಿತಪ್ಪಿ ಅಂದರು ಅಂತ ಒಂದು ಅರ್ಜಿ ಹಾಕಿ ಆ ಸಾಲು ಉಳಿಸಿಕೊಳ್ಳೋಣ."

ನೋಟ್‌ಬುಕ್ಕು ತೆಗೆದು "ಹೊಡೆದು ಹಾಕಿ" ಅಂತ ಬರೆದೆ. ಅವನು ಓದಿ, ನೀವೂ ಹಿಂಗೆ ಅಂದರೆ ಹೆಂಗೆ ಅಂದ. ಅದರ ಕೆಳಗೆ ಮತ್ತೆ ಬರೆದೆ. "ಹೊಡೆದು ಹಾಕಿ. ಅವಳ ಹತ್ರ ದನಿ ಏರಿಸಬೇಡಿ." ಕಾಗದ ಹರಿಯೋ ಹಂಗೆ ಒತ್ತಿ ಬರೆದಿದ್ದೆ. ಅವನು ಆ ಹಾಳೆ ನನ್ನ ಕೈಗೆ ವಾಪಸ್ ಕೊಟ್ಟು, ಗೌನು ಒದರಿಕೊಂಡು ಹೋದ. ಈ ಲಾಯರುಗಳ ಜಾತಿಯೇ ಹಿಂಗೆ.

ಗುಂಡ್ಲುಪೇಟೆ ಬಸ್ಸು ನಿಂತಿತ್ತು. ಕಾವ್ಯಶ್ರೀ ಮುಂದೆ ಗೆಳತಿ ಸಿಕ್ಕಳು ಅಂತ ಅಲ್ಲಿ ಕೂತಳು. ಗುರುಮಲ್ಲಿ ಕಿಟಕಿ ಪಕ್ಕ ಕೂತು, ನನಗೆ ಅಂತ ಸರಿದು ಜಾಗ ಬಿಟ್ಟಳು. ನಾನು ಹಿಂದಿನ ಸೀಟಿಗೆ ಹೋದೆ. ಬಸ್ಸು ಹೊರಡ್ತು. ಅವಳ ತಲೆ ಕಾಣ್ತಿತ್ತು, ಪಕ್ಕದ ಸೀಟು ಕಾಣ್ತಿತ್ತು. ಪ್ರತಿ ಸ್ಟಾಪಲ್ಲೂ ಜನ ಹತ್ತಿದರು. ಯಾರಾದರೂ ಅಲ್ಲಿ ಕೂತುಬಿಡಲಿ ಅಂತ ನೋಡ್ತಿದ್ದೆ. ಯಾರೂ ಕೂರಲಿಲ್ಲ. ಎದ್ದು ಹೋಗಿ ಕೂರಕ್ಕೆ ನನ್ನ ಕೈಲಿ ಆಗಲಿಲ್ಲ. ಕಾಲಿಗೇನೂ ಆಗಿರಲಿಲ್ಲ.

ತೆರಕಣಾಂಬಿ ಬಂತು. ನಾನು ಕೂತೇ ಇದ್ದೆ. ಅವಳು ಕಂಬಿ ಹಿಡಿದು ಎದ್ದು, ಹಿಂದೆ ತಿರುಗಿದಳು.

"ಊರ್ ಬಂತು, ಇಳೀರಿ" ಅಂದಳು.

ಇಳಿದೆ.